‘ಸ್ಟ್ರಿಂಗ್ಸ್’ ಟೂಲ್ ರಿವ್ಯೂ: ಜರಡಿ ಒಳ್ಳೆಯದೇ, ತೂತು ಎಲ್ಲಿವೆ ಅಂತ ಗೊತ್ತಿರಬೇಕು

ಸೋರ್ಸ್ ಕೋಡ್‌ನಲ್ಲಿದ್ದ ಪಾಸ್‌ವರ್ಡ್ ಅಳಿಸಿದ್ದಾಯಿತು, ಗಿಟ್ ಹಿಸ್ಟರಿಯನ್ನೂ ತೊಳೆದದ್ದಾಯಿತು. ಆದರೆ ಗಿರಾಕಿಯ ಕೈಗೆ ಹೋಗುವುದು ಸೋರ್ಸ್ ಅಲ್ಲ, ಕಂಪೈಲ್ ಆಗಿ ಹೊರಬಿದ್ದ ಫೈಲು, ಅಂದರೆ ಬೈನರಿ. ಅದರೊಳಗೆ ಏನುಳಿದಿದೆ ಅಂತ ಇಣುಕಿ ನೋಡುವವರು ಕಡಿಮೆ. ನೋಡಲು ಬೇಕಾದ ಸಾಮಾನು ಮಾತ್ರ ದಶಕಗಳಿಂದ ಪುಕ್ಕಟೆ ಸಿಗುತ್ತಿದೆ: ಗ್ನೂ ಬಿನ್‌ಯುಟಿಲ್ಸ್ ಕಟ್ಟಿನಲ್ಲಿ ಬರುವ ‘ಸ್ಟ್ರಿಂಗ್ಸ್’ ಎಂಬ ಪುಟ್ಟ ಕಮಾಂಡು. ರಿಲೀಸ್‌ಗೆ ಮುಂಚಿನ ತಪಾಸಣೆಗೆ ಅದು ಎಷ್ಟರಮಟ್ಟಿಗೆ ಆಗಿಬರುತ್ತದೆ ಎಂಬುದಷ್ಟೇ ಈ ರಿವ್ಯೂ.

ಉಬುಂಟು, ಡೆಬಿಯನ್‌ನಲ್ಲಿ ‘ಬಿನ್‌ಯುಟಿಲ್ಸ್’ ಪ್ಯಾಕೇಜ್ ಹಾಕಿದರೆ ಬಂತು. ಜಿಸಿಸಿ ಕಂಪೈಲರ್ ಇರುವ ಮೆಷಿನ್‌ನಲ್ಲಿ ಆಗಲೇ ಇರುತ್ತದೆ. ಮ್ಯಾಕ್‌ನಲ್ಲಿ ಎಕ್ಸ್‌ಕೋಡ್ ಕಮಾಂಡ್ ಲೈನ್ ಟೂಲ್ಸ್ ಜೊತೆ ಇದೇ ಹೆಸರಿನ ಬೇರೊಂದು ಬರುತ್ತದೆ, ಆಪ್ಷನ್‌ಗಳು ಪೂರ್ತಿ ಹೊಂದುವುದಿಲ್ಲ. ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಆವೃತ್ತಿ ಇದೆ. ಕೆಳಗಿನ ಮಾತೆಲ್ಲ ಗ್ನೂ ಆವೃತ್ತಿಯದು.

ಕೆಲಸ ಸರಳ. ಯಾವುದೇ ಫೈಲ್ ಕೊಡಿ, ಓದಲು ಬರುವ ಅಕ್ಷರಗಳು ನಾಲ್ಕು ಅಥವಾ ಹೆಚ್ಚು ಸಾಲಾಗಿ ಸಿಕ್ಕ ಕಡೆಯಲ್ಲೆಲ್ಲ ಅದನ್ನು ಒಂದು ಗೆರೆಯಾಗಿ ಹೊರಗೆ ಹಾಕುತ್ತದೆ. ಫೈಲ್ ಯಾವ ಬಗೆಯದು, ಒಳಗೆ ಏನಿದೆ ಎಂಬ ಗೋಜಿಗೆ ಹೋಗುವುದಿಲ್ಲ. ಇದೇ ಅದರ ಶಕ್ತಿ. ಕೊರತೆಗಳಿಗೂ ಇದೇ ಮೂಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸಿ ಭಾಷೆಯ ಪ್ರೋಗ್ರಾಂ ಒಂದರಲ್ಲಿ ಫೈಲ್ ತೆರೆಯಿತೋ ಇಲ್ಲವೋ ಎಂದು ಪರೀಕ್ಷಿಸುವ ಒಂದೇ ಒಂದು ‘ಅಸರ್ಟ್’ ಇದೆ ಅಂದುಕೊಳ್ಳಿ. ಸಿಮೇಕ್ ಎಂಬ ಬಿಲ್ಡ್ ಟೂಲ್ ಮೂಲಕ ಬಿಲ್ಡ್ ಮಾಡಿದರೆ ಸೋರ್ಸ್ ಫೈಲ್‌ನ ಪೂರ್ತಿ ಪಾತ್, ಅಂದರೆ ಅದು ಇರುವ ಫೋಲ್ಡರ್‌ಗಳ ವಿಳಾಸ, ಕಂಪೈಲರ್‌ಗೆ ಹೋಗುತ್ತದೆ. ಅಸರ್ಟ್ ಒಳಗಿರುವ ‘ಫೈಲ್’ ಮ್ಯಾಕ್ರೋ ಆ ಪಾತನ್ನೇ ಎತ್ತಿಕೊಂಡು ಬೈನರಿಯೊಳಗೆ ಇಡುತ್ತದೆ. ಬಿಲ್ಡ್ ಆದ ಮೇಲೆ ‘ಸ್ಟ್ರಿಪ್’ ಓಡಿಸಿ, ನಂತರ ‘ಸ್ಟ್ರಿಂಗ್ಸ್’ ಕೊಟ್ಟರೆ ಹೀಗೊಂದು ಗೆರೆ ಕಾಣುತ್ತದೆ:

/ಹೋಮ್/ರಮ್ಯಾ/ಕ್ಲೈಂಟ್ಸ್/ಕೋಆಪ್‌ಬ್ಯಾಂಕ್-ಸಾಲವಸೂಲಿ/ಎಸ್‌ಆರ್‌ಸಿ/ಬಡ್ಡಿ.ಸಿ

ಬರೆದವರ ಲಾಗಿನ್ ಹೆಸರು, ಗಿರಾಕಿ ಎಂಥವರು, ಪ್ರಾಜೆಕ್ಟ್ ಏತಕ್ಕೆ, ಮೂರೂ ಒಂದೇ ಗೆರೆಯಲ್ಲಿ. ಸ್ಟ್ರಿಪ್ ಮಾಡಿಯೂ ಇದು ಹೋಗಲಿಲ್ಲವಲ್ಲ, ಯಾಕೆ? ಸ್ಟ್ರಿಪ್ ತೆಗೆಯುವುದು ಸಿಂಬಲ್ ಟೇಬಲ್ ಮತ್ತು ಡಿಬಗ್ ಸೆಕ್ಷನ್‌ಗಳನ್ನು, ಅಂದರೆ ಪ್ರೋಗ್ರಾಂ ಓಡಲು ಬೇಡವಾದದ್ದನ್ನು. ಅಸರ್ಟ್ ಸಂದೇಶ ಪ್ರೋಗ್ರಾಂ ಓಡುವಾಗ ಬೇಕಾಗುವ ಡೇಟಾ, ಅದಿರುವುದು ‘ಆರ್‌ಒಡೇಟಾ’ ಸೆಕ್ಷನ್‌ನಲ್ಲಿ. ಅದನ್ನು ಸ್ಟ್ರಿಪ್ ಮುಟ್ಟುವ ಹಾಗೇ ಇಲ್ಲ. ‘ಸ್ಟ್ರಿಪ್ ಮಾಡಿದ್ದೇವೆ, ಕ್ಲೀನ್ ಇದೆ’ ಎನ್ನುವ ಮಾತು ಎಷ್ಟು ಟೀಮ್‌ಗಳಲ್ಲಿ ಚಲಾವಣೆಯಲ್ಲಿದೆಯೋ! ಈ ಟೂಲ್ ಅದನ್ನು ಎರಡು ಸೆಕೆಂಡ್‌ನಲ್ಲಿ ಸುಳ್ಳು ಮಾಡುತ್ತದೆ.

ಸರಿಪಡಿಸುವ ದಾರಿ ಕಂಪೈಲ್ ಹಂತದಲ್ಲೇ ಇದೆ. ಜಿಸಿಸಿ 8ರಿಂದ, ಕ್ಲ್ಯಾಂಗ್ 10ರಿಂದ ‘-ಎಫ್‌ಫೈಲ್-ಪ್ರಿಫಿಕ್ಸ್-ಮ್ಯಾಪ್’ ಎಂಬ ಆಪ್ಷನ್ ಇದೆ. ಹಳೆಯ ಪಾತ್, ಸಮಚಿಹ್ನೆ, ಅದರ ಜಾಗಕ್ಕೆ ಬರಬೇಕಾದ ಚುಕ್ಕಿ ಕೊಟ್ಟರೆ ಡಿಬಗ್ ಮಾಹಿತಿ, ಮ್ಯಾಕ್ರೋ ಎರಡರಲ್ಲೂ ಪಾತ್ ಮೊಟಕಾಗುತ್ತದೆ. ಅದರ ಅಣ್ಣ ‘-ಎಫ್‌ಡಿಬಗ್-ಪ್ರಿಫಿಕ್ಸ್-ಮ್ಯಾಪ್’ ಡಿಬಗ್ ಭಾಗವನ್ನು ಮಾತ್ರ ನೋಡಿಕೊಳ್ಳುತ್ತದೆ, ಮ್ಯಾಕ್ರೋ ಹಾಗೇ ಉಳಿಯುತ್ತದೆ. ಹಳೇ ಮೇಕ್‌ಫೈಲ್‌ಗಳಲ್ಲಿ ಇದನ್ನೇ ಬರೆದಿರುತ್ತಾರೆ, ಬದಲಾಯಿಸಿ. ಸಿಮೇಕ್‌ನ ರಿಲೀಸ್ ಬಿಲ್ಡ್‌ನಲ್ಲಿ ‘ಎನ್‌ಡಿಬಗ್’ ತಾನಾಗಿ ಸೇರುವುದರಿಂದ ಅಸರ್ಟ್ ಉದುರಿಹೋಗುತ್ತದೆ ನಿಜ, ಆದರೆ ಲಾಗ್ ಬರೆಯುವ ನಿಮ್ಮದೇ ಮ್ಯಾಕ್ರೋಗಳಲ್ಲಿರುವ ಪಾತ್ ಉದುರುವುದಿಲ್ಲ.

ಇನ್ನು ಆಪ್ಷನ್‌ಗಳ ವಿಚಾರ. ಬರೀ ‘ಸ್ಟ್ರಿಂಗ್ಸ್’ ಅಂತ ಹೊಡೆದರೆ ಕಸವೇ ಹೆಚ್ಚು. ಮೆಷಿನ್ ಕೋಡ್‌ನ ಬೈಟ್‌ಗಳೂ ಆಕಸ್ಮಿಕವಾಗಿ ಅಕ್ಷರಗಳಂತೆ ಕಾಣುತ್ತವೆ. 64 ಬಿಟ್ ಇಂಟೆಲ್ ಬೈನರಿಗಳಲ್ಲಿ ಎ-ಡಬ್ಲ್ಯು-ಎ-ವಿ-ಎ-ಯು-ಎ-ಟಿ ಎಂಬ ವಿಚಿತ್ರ ಪದ ಮತ್ತೆ ಮತ್ತೆ ಬರುತ್ತದೆ. ಹೊಸಬರು ಇದೇನೋ ಪಾಸ್‌ವರ್ಡ್ ಅಂತ ಗಾಬರಿಯಾಗುತ್ತಾರೆ. ಅದು ಫಂಕ್ಷನ್ ಶುರುವಿನಲ್ಲಿ ಆರ್15, ಆರ್14, ಆರ್13, ಆರ್12 ರಿಜಿಸ್ಟರ್‌ಗಳನ್ನು ಸ್ಟಾಕ್‌ಗೆ ತಳ್ಳುವ ಸೂಚನೆ. ಹೆಕ್ಸ್‌ನಲ್ಲಿ 41 57 41 56 ಎಂದು ಸಾಗುತ್ತದೆ, ಆಸ್ಕಿಯಲ್ಲಿ 41 ಎಂದರೆ ‘ಎ’, 57 ಎಂದರೆ ‘ಡಬ್ಲ್ಯು’. ‘-ಎನ್ 8’ ಕೊಟ್ಟರೆ ಚಿಕ್ಕಪುಟ್ಟ ಕಸ ಹೋಗುತ್ತದೆ. ‘-ಟಿ ಎಕ್ಸ್’ ಕೊಟ್ಟರೆ ಪ್ರತಿ ಗೆರೆಯ ಮುಂದೆ ಅದು ಫೈಲ್‌ನಲ್ಲಿರುವ ಜಾಗ ಹೆಕ್ಸ್‌ನಲ್ಲಿ ಬರುತ್ತದೆ. ಆ ಗೆರೆ ಯಾವ ಸೆಕ್ಷನ್‌ನದು ಅಂತ, ಬೈನರಿಯ ಸೆಕ್ಷನ್‌ಗಳನ್ನು ತೋರಿಸುವ ‘ರೀಡ್‌ಎಲ್ಫ್’ ಕಮಾಂಡಿನ ಪಟ್ಟಿಯೊಂದಿಗೆ ತಾಳೆ ನೋಡಬಹುದು.

ಆದರೆ ‘-ಎನ್ 8’ ಅನ್ನೇ ಕೊನೆಯ ಮಾತು ಅಂದುಕೊಳ್ಳಬೇಡಿ. ಆಪ್ಟಿಮೈಸ್ ಮಾಡುವ ಕಂಪೈಲರ್ ಚಿಕ್ಕ ಪದಗಳನ್ನು ಎಂಟೆಂಟು ಬೈಟ್‌ಗಳ ತುಂಡು ಮಾಡಿ ನೇರವಾಗಿ ಸೂಚನೆಗಳೊಳಗೇ ತುರುಕುವುದುಂಟು. ಹನ್ನೆರಡು ಅಕ್ಷರದ ಪಾಸ್‌ವರ್ಡ್ ಎಂಟು ಒಂದು ಕಡೆ, ನಾಲ್ಕು ಇನ್ನೊಂದು ಕಡೆಯಾಗಿ ಕೂತಿರುತ್ತದೆ, ಹುಡುಕಿದರೆ ಸಿಗುವುದಿಲ್ಲ. ಇಂಥದ್ದಕ್ಕೆ ಮ್ಯಾಂಡಿಯಂಟ್‌ನ ‘ಫ್ಲಾಸ್’ ಬೇಕು. ಮಾಲ್‌ವೇರ್ ಬಿಡಿಸುವವರಿಗಾಗಿ ಮಾಡಿದ, ವಿಂಡೋಸ್ ಬೈನರಿಗಳ ಮೇಲೆ ಕಣ್ಣಿಟ್ಟ ಟೂಲ್ ಅದು. ದಿನನಿತ್ಯದ ರಿಲೀಸ್ ತಪಾಸಣೆಗೆ ನಿಧಾನ ಮತ್ತು ಭಾರ.

ಗ್ನೂ ಸ್ಟ್ರಿಂಗ್ಸ್‌ನ ದೊಡ್ಡ ತೂತು ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಬರೆದ ಪ್ರೋಗ್ರಾಂಗಳಲ್ಲಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ರೀತಿಗಳಲ್ಲಿ ಯುಟಿಎಫ್-8, ಯುಟಿಎಫ್-16 ಎರಡು. ಡಾಟ್‌ನೆಟ್ ಅಸೆಂಬ್ಲಿಯಲ್ಲಿ (ಕಂಪೈಲ್ ಆದ ಫೈಲ್‌ನಲ್ಲಿ) ಕ್ಲಾಸ್, ಮೆಥಡ್ ಹೆಸರುಗಳು ಯುಟಿಎಫ್-8ರಲ್ಲಿ ಇರುತ್ತವೆ. ಆದರೆ ನೀವು ಕೋಟ್ ಹಾಕಿ ಬರೆದ ಪಠ್ಯವೆಲ್ಲ ಯುಟಿಎಫ್-16ರಲ್ಲಿ, ಪ್ರತಿ ಇಂಗ್ಲಿಷ್ ಅಕ್ಷರದ ಬೆನ್ನಿಗೊಂದು ಸೊನ್ನೆ ಬೈಟ್ ಅಂಟಿಕೊಂಡು ಇರುತ್ತದೆ. ಹೀಗಾದಾಗ ಟೂಲ್‌ಗೆ ಎಲ್ಲೂ ನಾಲ್ಕು ಅಕ್ಷರ ಸಾಲಾಗಿ ಸಿಗುವುದೇ ಇಲ್ಲ. ಕ್ಲಾಸ್ ಹೆಸರುಗಳೆಲ್ಲ ಕಾಣುತ್ತವೆ, ಡೇಟಾಬೇಸ್‌ನ ಕನೆಕ್ಷನ್ ಸ್ಟ್ರಿಂಗ್, ಅದರೊಳಗಿನ ಪಾಸ್‌ವರ್ಡ್ ಮಾತ್ರ ಕಾಣುವುದಿಲ್ಲ. ಏನೂ ಕಾಣದಿದ್ದರೆ ಅನುಮಾನವಾದರೂ ಬರುತ್ತಿತ್ತು. ಅರ್ಧ ಕಂಡಾಗ ಎಲ್ಲ ನೋಡಿಯಾಯಿತು ಎಂಬ ಸಮಾಧಾನ ಬಂದುಬಿಡುತ್ತದೆ. ಪರಿಹಾರ, ಅದೇ ಫೈಲನ್ನು ‘-ಇ ಎಲ್’ (ಸ್ಮಾಲ್ ಎಲ್) ಹಾಕಿ ಎರಡನೇ ಸಲ ಸೋಸುವುದು. ಇಲ್ಲಿ ಸಿಸ್‌ಇಂಟರ್ನಲ್ಸ್ ಆವೃತ್ತಿಗೆ ಪೂರ್ಣ ಅಂಕ: ಏನೂ ಹೇಳದಿದ್ದರೂ ಆಸ್ಕಿ, ಯುನಿಕೋಡ್ ಎರಡನ್ನೂ ಒಟ್ಟಿಗೆ ನೋಡುತ್ತದೆ. ಅದರಲ್ಲಿ ಕನಿಷ್ಠ ಉದ್ದ ಮೂರು, ಹಾಗಾಗಿ ಕಸ ಇನ್ನಷ್ಟು ಹೆಚ್ಚು.

ವಿಂಡೋಸ್ ಬೈನರಿಯಲ್ಲಿ ಇನ್ನೊಂದು ಖಾಯಂ ಸೋರಿಕೆ ಪಿಡಿಬಿ ಪಾತ್. ಡಿಬಗ್ ಸಿಂಬಲ್‌ಗಳಿರುವ ಪಿಡಿಬಿ ಫೈಲನ್ನು ಗಿರಾಕಿಗೆ ಕೊಡದಿದ್ದರೂ ಅದು ಎಲ್ಲಿತ್ತು ಎಂಬ ಪೂರ್ತಿ ವಿಳಾಸ ಎಕ್ಸಿ ಫೈಲ್‌ನಲ್ಲಿ ಉಳಿಯುತ್ತದೆ. ಗುರುತು ಸುಲಭ: ‘ಆರ್‌ಎಸ್‌ಡಿಎಸ್’ ಎಂಬ ನಾಲ್ಕು ಅಕ್ಷರ, ಅದರ ನಂತರ 16 ಬೈಟ್‌ನ ಗುರುತುಸಂಖ್ಯೆ, 4 ಬೈಟ್‌ನ ಎಣಿಕೆ, ಅಲ್ಲಿಂದ ಮುಂದೆ ಪಾತ್. ‘ಸಿ’ ಡ್ರೈವ್, ‘ಯೂಸರ್ಸ್’, ನಿಮ್ಮ ಹೆಸರು, ‘ಸೋರ್ಸ್’, ‘ರೆಪೋಸ್’ ಎಂದು ಸಾಗುವ ಪಾತ್ ಕಂಡರೆ ವಿಷುಯಲ್ ಸ್ಟುಡಿಯೋ ತಾನೇ ಕೊಡುವ ಜಾಗದಲ್ಲಿ ಪ್ರಾಜೆಕ್ಟ್ ಇತ್ತು ಎಂದರ್ಥ. ಪ್ರಾಜೆಕ್ಟನ್ನು ಆಫೀಸಿನ ಒನ್‌ಡ್ರೈವ್‌ನೊಳಗೆ ಇಟ್ಟಿದ್ದರೆ ಇನ್ನೂ ಚೆಂದ, ಆ ಫೋಲ್ಡರ್‌ನ ಹೆಸರಿನಲ್ಲೇ ಸಂಸ್ಥೆಯ ಹೆಸರು ಇರುತ್ತದೆ. ಸಿ++ ಆದರೆ ಲಿಂಕರ್‌ಗೆ ‘/ಪಿಡಿಬಿಆಲ್ಟ್‌ಪಾತ್’ ಕೊಟ್ಟು, ಎರಡು ಶೇಕಡಾ ಚಿಹ್ನೆಗಳ ನಡುವೆ ‘_ಪಿಡಿಬಿ’ ಎಂದು ಬರೆದರೆ ಬರೀ ಫೈಲ್ ಹೆಸರು ಉಳಿಯುತ್ತದೆ. ಡಾಟ್‌ನೆಟ್‌ನಲ್ಲಿ ಪ್ರಾಜೆಕ್ಟ್ ಫೈಲ್‌ನ ‘ಪಾತ್‌ಮ್ಯಾಪ್’ ಸೆಟಿಂಗ್ ಈ ಕೆಲಸ ಮಾಡುತ್ತದೆ.

ಕನ್ನಡದ ಪಠ್ಯ ಇರುವ ಸಾಫ್ಟ್‌ವೇರ್ ಮಾಡುವವರು ಇದನ್ನು ಓದಲೇಬೇಕು. ‘ಸ್ಟ್ರಿಂಗ್ಸ್’ ಸುಮ್ಮನೆ ಓಡಿಸಿದರೆ ಅದಕ್ಕೆ ಕನ್ನಡ ಕಾಣುವುದೇ ಇಲ್ಲ. ಅದರ ಲೆಕ್ಕದಲ್ಲಿ ಅಕ್ಷರ ಎಂದರೆ 7 ಬಿಟ್ ಆಸ್ಕಿ. ಕನ್ನಡದ ಪ್ರತಿಯೊಂದು ಯುನಿಕೋಡ್ ಚಿಹ್ನೆ ಯುಟಿಎಫ್-8ರಲ್ಲಿ ಮೂರು ಬೈಟ್, ಮೂರೂ 127ಕ್ಕಿಂತ ಮೇಲೆ: ಸ್ವರ, ವ್ಯಂಜನಗಳು ಇ0 ಬಿ2 ಎಂದು ಶುರುವಾದರೆ, ದೀರ್ಘ ಈತ್ವದಿಂದ ಮುಂದಿನ ಕಾಗುಣಿತ ಚಿಹ್ನೆಗಳು ಇ0 ಬಿ3 ಎಂದು ಶುರುವಾಗುತ್ತವೆ. ಟೆಸ್ಟ್ ಮಾಡಲೆಂದು ಕೋಡ್‌ನೊಳಗೆ ಹಾಕಿದ ನಿಜವಾದ ಫಲಾನುಭವಿಗಳ ಕನ್ನಡ ಹೆಸರು, ಊರು, ಸರ್ವೆ ನಂಬರ್ ಬೈನರಿಯಲ್ಲಿ ಉಳಿದಿದ್ದರೆ ಈ ಜರಡಿಯಲ್ಲಿ ಅಂಕಿಗಳಷ್ಟೇ ನಿಲ್ಲುತ್ತವೆ, ಹೆಸರುಗಳು ಜಾರಿಹೋಗುತ್ತವೆ.

ಹಳೆಯ ಉಪಾಯ ‘-ಇ’ ಜೊತೆ ಕ್ಯಾಪಿಟಲ್ ‘ಎಸ್’. ಆಗ 127ಕ್ಕಿಂತ ಮೇಲಿನ ಎಲ್ಲ ಬೈಟ್‌ಗಳನ್ನೂ ಅಕ್ಷರ ಎಂದೇ ಒಪ್ಪುತ್ತದೆ. ಕನ್ನಡ ಬರುತ್ತದೆ, ಜೊತೆಗೆ ರಾಶಿ ಕಸವೂ ಬರುತ್ತದೆ. 2022ರ 2.38 ಆವೃತ್ತಿಯಿಂದ ‘--ಯುನಿಕೋಡ್=ಲೊಕೇಲ್’ ಎಂಬ ಆಪ್ಷನ್ ಇದೆ, ಯುಟಿಎಫ್-8 ಅಕ್ಷರಗಳನ್ನು ಅಕ್ಷರಗಳಾಗಿಯೇ ಗುರುತಿಸಿ ತೋರಿಸುತ್ತದೆ, ಕಸ ಕಡಿಮೆ. ನಿರ್ದಿಷ್ಟ ಹೆಸರನ್ನೇ ಹುಡುಕುವುದಾದರೆ ಇದ್ಯಾವುದೂ ಬೇಡ, ಫೈಲ್‌ನೊಳಗೆ ಪದ ಹುಡುಕುವ ಕಮಾಂಡು ‘ಗ್ರೆಪ್ -ಎ’ ಕೊಟ್ಟು ಕನ್ನಡದಲ್ಲೇ ಟೈಪ್ ಮಾಡಿದರೆ ಸಾಕು. ಒಂದು ಎಚ್ಚರಿಕೆ ಏನೆಂದರೆ, ಓತ್ವದ ಚಿಹ್ನೆಯನ್ನು ಒಂದೇ ಕೋಡ್ ಆಗಿಯೂ ಇಡಬಹುದು, ಮೂರು ಬಿಡಿ ಚಿಹ್ನೆಗಳಾಗಿಯೂ ಇಡಬಹುದು. ಎರಡೂ ಕಣ್ಣಿಗೆ ಒಂದೇ, ಗ್ರೆಪ್‌ಗೆ ಬೇರೆ ಬೇರೆ. ‘ಗೋಪಾಲ’ ಸಿಗದಿದ್ದರೆ ‘ಪಾಲ’ ಅಂತ ಹುಡುಕಿ ನೋಡಿ. ನುಡಿ, ಬರಹದ ಹಳೇ ಆನ್ಸಿ ಎನ್‌ಕೋಡಿಂಗ್‌ನ ಪಠ್ಯ ಇದ್ದರೆ ಈ ಯಾವ ದಾರಿಯೂ ನಡೆಯದು. ಅದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಹುಡುಕುವ ಪದವನ್ನೂ ಅದೇ ಎನ್‌ಕೋಡಿಂಗ್‌ಗೆ ತಿರುಗಿಸಿಕೊಂಡೇ ಹುಡುಕಬೇಕು.

ಡಾಟ್‌ನೆಟ್ ಒಳಗಿನ ಕನ್ನಡವಂತೂ ಗ್ನೂ ಸ್ಟ್ರಿಂಗ್ಸ್‌ಗೆ ಪೂರ್ತಿ ಅಗೋಚರ. ‘-ಇ ಎಲ್’ ಹಾಕಿದರೂ 255ಕ್ಕಿಂತ ದೊಡ್ಡ ಕೋಡ್ ಇರುವ ಅಕ್ಷರವನ್ನು ಅದು ಒಪ್ಪುವುದಿಲ್ಲ. ಇದಕ್ಕೆ ಎನ್‌ಕೋಡಿಂಗ್ ಬದಲಿಸುವ ಕಮಾಂಡು ‘ಐಕಾನ್ವ್ -ಸಿ’ ಬಳಸಿ ಇಡೀ ಫೈಲನ್ನು ಯುಟಿಎಫ್-16ಎಲ್‌ಇಯಿಂದ ಯುಟಿಎಫ್-8ಕ್ಕೆ ತಿರುಗಿಸಿ ಗ್ರೆಪ್ ಮಾಡಬೇಕು. ಒಂದು ಸಲ ಸಾಲದು. ಪಠ್ಯ ಬೆಸ ಸ್ಥಾನದ ಬೈಟ್‌ನಿಂದ ಶುರುವಾಗಿದ್ದರೆ ಜೋಡಿ ತಪ್ಪುತ್ತದೆ, ಆದ್ದರಿಂದ ‘ಟೇಲ್ -ಸಿ +2’ ಮೂಲಕ ಮೊದಲ ಬೈಟ್ ಬಿಟ್ಟು ಎರಡನೇ ಸಲವೂ ಮಾಡಬೇಕು. ಇಷ್ಟು ಸರ್ಕಸ್ ಬೇಕಾಗುವುದು ನಾಚಿಕೆಗೇಡು. ಅಂಕ ಕಳೆಯುವುದು ಇಲ್ಲೇ.

ಪೈಥಾನ್‌ಗೆ ಬಂದರೆ ಟೂಲ್ ಚೆನ್ನಾಗಿಯೇ ದುಡಿಯುತ್ತದೆ. ಪೈಥಾನ್ ಕಂಪೈಲ್ ಮಾಡಿಟ್ಟುಕೊಳ್ಳುವ ‘ಪಿವೈಸಿ’ ಫೈಲ್‌ಗಳು ಕಂಪ್ರೆಸ್ ಆಗಿರುವುದಿಲ್ಲ. 16 ಬೈಟ್‌ನ ಹೆಡರ್ ದಾಟಿದರೆ ಕೋಡ್‌ನಲ್ಲಿ ಬರೆದ ಪಠ್ಯ ಇದ್ದ ಹಾಗೇ ಇರುತ್ತದೆ, ಸೋರ್ಸ್ ಫೈಲ್‌ನ ಪಾತ್ ಕೂಡ. ಇದರ ಬೆಲೆ ಏನೆಂದು 2024ರಲ್ಲಿ ಎಲ್ಲರಿಗೂ ಗೊತ್ತಾಯಿತು. ಪೈಥಾನ್ ಪ್ಯಾಕೇಜ್‌ಗಳ ಭಂಡಾರ ಪೈಪಿಐನ ನಿರ್ವಾಹಕರೊಬ್ಬರ ಗಿಟ್‌ಹಬ್ ಟೋಕನ್ (ಪಾಸ್‌ವರ್ಡ್‌ನಂತೆಯೇ ಕೆಲಸ ಮಾಡುವ ಕೀಲಿ) ಡಾಕರ್ ಹಬ್‌ನಲ್ಲಿ ಎಲ್ಲರಿಗೂ ತೆರೆದಿದ್ದ ಒಂದು ಇಮೇಜ್‌ನಲ್ಲಿ, ಅಂದರೆ ಓಡಿಸಲು ಸಿದ್ಧವಾಗಿ ಕಟ್ಟಿಟ್ಟ ಸಾಫ್ಟ್‌ವೇರ್ ಕಟ್ಟಿನಲ್ಲಿ, ಸಿಕ್ಕಿತು. ಜೆಫ್ರಾಗ್ ಸಂಶೋಧಕರು ಜೂನ್‌ನಲ್ಲಿ ತಿಳಿಸಿದ ಕೂಡಲೇ ಟೋಕನ್ ರದ್ದಾಯಿತು. ಇಮೇಜ್ ಮೇಲೇರಿದ್ದು 2023ರ ಮಾರ್ಚ್‌ನಲ್ಲಿ. ಆ ಟೋಕನ್‌ಗೆ ಪೈಥಾನ್ ಭಾಷೆಯ ಮೂಲ ರೆಪೊಸಿಟರಿಗಳವರೆಗೆ ಕೈ ಚಾಚುವ ಅಧಿಕಾರವಿತ್ತು. ಲೋಕಲ್ ಆಗಿ ಕೆಲಸ ಮಾಡುವಾಗ ಗಿಟ್‌ಹಬ್‌ನ ರೇಟ್ ಲಿಮಿಟ್ ಅಡ್ಡಬಂತೆಂದು ತಾತ್ಕಾಲಿಕವಾಗಿ ಕೋಡ್‌ನಲ್ಲಿ ಟೋಕನ್ ಹಾಕಿದ್ದರು, ಆಮೇಲೆ ಸೋರ್ಸ್‌ನಿಂದ ತೆಗೆದರು. ಅಷ್ಟರಲ್ಲಿ ಪಿವೈಸಿ ತಯಾರಾಗಿ ಕೂತಿತ್ತು. ಸೋರ್ಸ್ ಫೈಲಲ್ಲಿ ಟೋಕನ್ ಇಲ್ಲ, ಪಕ್ಕದ ‘ಪೈಕ್ಯಾಶ್’ ಫೋಲ್ಡರ್‌ನಲ್ಲಿ ಇದೆ, ಎರಡೂ ಒಟ್ಟಿಗೇ ಇಮೇಜ್ ಒಳಗೆ ಹೋದವು.

ಇದರಲ್ಲಿ ಕಲಿಯಬೇಕಾದ ಸಣ್ಣ ತಾಂತ್ರಿಕ ಸೂಕ್ಷ್ಮ ಒಂದಿದೆ. ಪೈಕ್ಯಾಶ್ ಸಾಮಾನ್ಯವಾಗಿ ಗಿಟ್‌ಇಗ್ನೋರ್‌ನಲ್ಲಿ (ಗಿಟ್ ಬಿಟ್ಟುಬಿಡಬೇಕಾದ ಫೈಲ್‌ಗಳ ಪಟ್ಟಿಯಲ್ಲಿ) ಇರುತ್ತದೆ, ಹಾಗಾಗಿ ಗಿಟ್ ಕ್ಲೀನ್ ಆಗಿ ಕಾಣುತ್ತದೆ. ಡಾಕರ್ ಗಿಟ್‌ಇಗ್ನೋರನ್ನು ಕೇಳುವುದಿಲ್ಲ, ಅದರದ್ದೇ ಡಾಕರ್‌ಇಗ್ನೋರ್ ಬೇಕು. ಅದರಲ್ಲೂ ಫೋಲ್ಡರ್ ಹೆಸರು ಮಾತ್ರ ಬರೆದರೆ ಮೇಲ್ಮಟ್ಟದ ಫೋಲ್ಡರ್‌ಗಷ್ಟೇ ಅನ್ವಯ. ಒಳಗಿನವೂ ಬಿಟ್ಟುಹೋಗಬೇಕಾದರೆ ಹೆಸರಿನ ಮುಂದೆ ಎರಡು ನಕ್ಷತ್ರ ಮತ್ತು ಓರೆಗೆರೆ ಹಾಕಬೇಕು. ಗಿಟ್‌ನ ನಿಯಮ ಹಾಗಲ್ಲವಾದ್ದರಿಂದ ಅಲ್ಲಿಂದ ಕಾಪಿ ಮಾಡಿ ತಂದ ಸಾಲು ಇಲ್ಲಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಇಮೇಜ್‌ನ ಮುಂದಿನ ಲೇಯರ್‌ನಲ್ಲಿ ‘ಆರ್‌ಎಂ’ ಮಾಡಿದರೂ ಪ್ರಯೋಜನವಿಲ್ಲ, ಹಿಂದಿನ ಲೇಯರ್‌ನಲ್ಲಿ ಫೈಲ್ ಹಾಗೇ ಇರುತ್ತದೆ. ‘ಡಾಕರ್ ಸೇವ್’ ಮಾಡಿ, ಪ್ರತಿ ಲೇಯರ್‌ನ ಟಾರ್ ಬಿಚ್ಚಿ, ಆಮೇಲೆ ಸೋಸಬೇಕು.

ಗೋ ಮತ್ತು ರಸ್ಟ್ ಬೈನರಿಗಳಲ್ಲಿ ಪಠ್ಯಗಳ ಕೊನೆಗೆ ಸೊನ್ನೆ ಬೈಟ್ ಇರುವುದಿಲ್ಲ. ಹಾಗಾಗಿ ನೂರಾರು ಪಠ್ಯಗಳು ಅಂಟಿಕೊಂಡು ಒಂದೇ ಉದ್ದ ಗೆರೆಯಾಗಿ ಬರುತ್ತವೆ. ಗ್ರೆಪ್‌ಗೆ ‘-ಒ’ ಹಾಕಿ ಬೇಕಾದ ತುಂಡನ್ನಷ್ಟೇ ಹೊರತೆಗೆಯುವುದು ವಾಸಿ. ಪಾತ್ ವಿಷಯದಲ್ಲಿ ಗೋಗೆ 1.13ರಿಂದ ‘-ಟ್ರಿಮ್‌ಪಾತ್’ ಇದೆ. ‘-ಎಸ್ -ಡಬ್ಲ್ಯು’ ಕೊಟ್ಟು ಸಿಂಬಲ್ ತೆಗೆದವರು ಪಾತ್ ಕೂಡ ಹೋಯಿತು ಅಂದುಕೊಳ್ಳುತ್ತಾರೆ, ಹೋಗಿರುವುದಿಲ್ಲ. ಪ್ಯಾನಿಕ್ ಆದಾಗ ಫೈಲ್ ಹೆಸರು ತೋರಿಸಲು ಬೇಕೆಂದು ರನ್‌ಟೈಮ್ ಅದನ್ನು ಪ್ರತ್ಯೇಕವಾಗಿ ಇಟ್ಟುಕೊಂಡಿರುತ್ತದೆ. ರಸ್ಟ್‌ನಲ್ಲಿ ಹೋಮ್ ಫೋಲ್ಡರ್‌ನ ಒಳಗಿನ ‘.ಕಾರ್ಗೋ’ ಪಾತ್‌ಗಳು ಇದೇ ಕಾರಣಕ್ಕೆ ಉಳಿಯುತ್ತವೆ, ‘--ರೀಮ್ಯಾಪ್-ಪಾತ್-ಪ್ರಿಫಿಕ್ಸ್’ ಬಳಸಿ.

ಕಂಪ್ರೆಸ್ ಆದ ಫೈಲ್‌ನ ಮೇಲೆ ಈ ಟೂಲ್ ಓಡಿಸುವುದು ವ್ಯರ್ಥ. ಆಂಡ್ರಾಯ್ಡ್ ಆಪ್‌ನ ಎಪಿಕೆ ಎಂದರೆ ಜಿಪ್. ಮೊದಲು ಬಿಚ್ಚಿ, ಆಮೇಲೆ ‘ಕ್ಲಾಸಸ್.ಡೆಕ್ಸ್’ ಮೇಲೆ ಓಡಿಸಿ. ಬೈನರಿಯನ್ನು ಕುಗ್ಗಿಸುವ ಯುಪಿಎಕ್ಸ್ ಮಾಡಿದ್ದರೆ ‘ಯುಪಿಎಕ್ಸ್ -ಡಿ’, ಪೈಥಾನ್ ಪ್ರೋಗ್ರಾಂ ಅನ್ನು ಒಂದೇ ಫೈಲ್ ಮಾಡುವ ಪೈಇನ್‌ಸ್ಟಾಲರ್ ಆದರೆ ಒಳಗಿನ ಪಿವೈಸಿಗಳನ್ನು ಹೊರತೆಗೆದ ಮೇಲೆ. ಡೆಕ್ಸ್‌ನಲ್ಲಿ ಒಂದು ಮಜಾ ಇದೆ: 128 ಅಕ್ಷರಕ್ಕಿಂತ ಚಿಕ್ಕದಾದ ಪ್ರತಿ ಪಠ್ಯದ ಮುಂದೆ ಅದರ ಉದ್ದ ಒಂದು ಬೈಟ್‌ನಲ್ಲಿ ಇರುತ್ತದೆ, ಉದ್ದ 32 ಅಥವಾ ಹೆಚ್ಚಾದರೆ ಆ ಬೈಟೂ ಅಕ್ಷರವಾಗಿ ಕಾಣುತ್ತದೆ. ಗೂಗಲ್ ಎಪಿಐ ಕೀ 39 ಅಕ್ಷರ, 39 (ಇದು ಹೆಕ್ಸ್ ಅಲ್ಲ, ಮಾಮೂಲಿ ದಶಮಾನ ಸಂಖ್ಯೆ) ಎಂದರೆ ಆಸ್ಕಿಯಲ್ಲಿ ಒಂಟಿ ಕೋಟ್. ಆದ್ದರಿಂದ ಕೀ ಮುಂದೆ ಒಂದು ಒಂಟಿ ಕೋಟ್ ಅಂಟಿಕೊಂಡು ಬರುತ್ತದೆ, 40 ಅಕ್ಷರದ ಗಿಟ್‌ಹಬ್ ಟೋಕನ್ ಮುಂದೆ ಬ್ರಾಕೆಟ್. ಗೆರೆಯ ಆರಂಭಕ್ಕೆ ಕಟ್ಟಿಹಾಕಿದ ಗ್ರೆಪ್ ಪ್ಯಾಟರ್ನ್‌ಗಳು ಇದರಿಂದಲೇ ಸೋಲುತ್ತವೆ. ಕೋಡ್ ಕುಗ್ಗಿಸಿ ಹೆಸರು ಮರೆಸುವ ಆರ್8, ಪ್ರೊಗಾರ್ಡ್ ಹಾಕಿದ್ದೇವೆ ಎನ್ನುವವರಿಗೆ ಒಂದು ಮಾತು: ಅವು ಕ್ಲಾಸ್ ಹೆಸರನ್ನು ಎ, ಬಿ, ಸಿ ಮಾಡುತ್ತವೆ, ಕೋಟ್ ಒಳಗಿನ ಪಠ್ಯವನ್ನು ಮುಚ್ಚುವುದಿಲ್ಲ. ಹಾಗಂತ ಕಂಡದ್ದೆಲ್ಲ ಸೋರಿಕೆಯೂ ಅಲ್ಲ. ಮ್ಯಾಪ್ಸ್ ಕೀ ಆಪ್ ಒಳಗೆ ಇರಬೇಕಾದದ್ದೇ, ಅದನ್ನು ಪ್ಯಾಕೇಜ್ ಹೆಸರು ಮತ್ತು ಸಹಿಯ ಫಿಂಗರ್‌ಪ್ರಿಂಟ್‌ಗೆ ಕಟ್ಟಿಹಾಕಿದ್ದೀರಾ ಎಂಬುದು ಪ್ರಶ್ನೆ. ‘ಎಕೆಐಎ’ ಎಂದು ಶುರುವಾಗುವ 20 ಅಕ್ಷರದ ಎಡಬ್ಲ್ಯುಎಸ್ (ಅಮೆಜಾನ್ ಕ್ಲೌಡ್) ಕೀ ಆಪ್‌ನಲ್ಲಿ ಕಂಡರೆ ಅಂಥ ಯಾವ ಸಮಜಾಯಿಷಿಯೂ ನಡೆಯದು.

ಈ ತಪಾಸಣೆಯನ್ನು ಸಿಐ ಒಳಗೆ, ಅಂದರೆ ಬಿಲ್ಡ್ ಮತ್ತು ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಯೊಳಗೆ, ಸೇರಿಸುವಾಗ ಬಹಳ ಜನ ಬೀಳುವ ಗುಂಡಿ ಒಂದಿದೆ. ಸ್ಕ್ರಿಪ್ಟ್‌ನಲ್ಲಿ ‘ಪೈಪ್‌ಫೇಲ್’ (ಪೈಪ್‌ಲೈನ್‌ನ ಯಾವ ಕಮಾಂಡು ಸೋತರೂ ಇಡೀ ಪೈಪ್‌ಲೈನ್ ಸೋತಿತು ಎನ್ನುವ ಸೆಟಿಂಗ್) ಹಾಕಿ, ಸ್ಟ್ರಿಂಗ್ಸ್‌ನ ಔಟ್‌ಪುಟ್ ಅನ್ನು ‘ಗ್ರೆಪ್ -ಕ್ಯು’ಗೆ ಪೈಪ್ ಮಾಡಿ ‘ಇಫ್’ನಲ್ಲಿ ಇಡುತ್ತಾರೆ. ಗ್ರೆಪ್ ಮೊದಲ ಹೊಂದಿಕೆ ಸಿಕ್ಕ ಕೂಡಲೇ ಹೊರಟುಹೋಗುತ್ತದೆ, ಇನ್ನೂ ಬರೆಯುತ್ತಿದ್ದ ಸ್ಟ್ರಿಂಗ್ಸ್ ಒಡೆದ ಪೈಪ್‌ನಿಂದ ಸಾಯುತ್ತದೆ, ಪೈಪ್‌ಲೈನ್ 141 ಎಂಬ ಕೋಡ್ ಕೊಡುತ್ತದೆ. ‘ಇಫ್’ ಅದನ್ನು ‘ಸಿಗಲಿಲ್ಲ’ ಎಂದು ಓದಿಕೊಂಡು ಹಸಿರು ದೀಪ ತೋರಿಸುತ್ತದೆ! ಚಿಕ್ಕ ಬೈನರಿಯಲ್ಲಿ ಸರಿಯಾಗಿ ಹಿಡಿಯುತ್ತದೆ, ದೊಡ್ಡದರಲ್ಲಿ ಬಿಟ್ಟುಬಿಡುತ್ತದೆ, ಹಾಗಾಗಿ ಟೆಸ್ಟ್ ಮಾಡಿದಾಗ ಗೊತ್ತೇ ಆಗುವುದಿಲ್ಲ. ‘-ಕ್ಯು’ ತೆಗೆದು ಔಟ್‌ಪುಟ್ಟನ್ನು ‘ಡೆವ್ ನಲ್’ಗೆ ಕಳಿಸಿದರೂ ಗ್ನೂ ಗ್ರೆಪ್ ಅದೇ ಆಟ ಆಡುತ್ತದೆ. ಮೊದಲು ಎಲ್ಲವನ್ನೂ ಒಂದು ಟೆಕ್ಸ್ಟ್ ಫೈಲ್‌ಗೆ ಬರೆದು, ನಂತರ ಆ ಫೈಲ್ ಮೇಲೆ ಗ್ರೆಪ್ ಮಾಡಿ. ಹುಡುಕುವ ಪಟ್ಟಿಯಲ್ಲಿ ಬಿಲ್ಡ್ ಮೆಷಿನ್‌ನ ಲಾಗಿನ್ ಹೆಸರು, ಹೋಮ್ ಪಾತ್, ಹೋಸ್ಟ್ ಹೆಸರು, ಒಳಗಿನ ಸರ್ವರ್‌ಗಳ ಡೊಮೈನ್, ‘ಬಿಗಿನ್’ ಎಂದು ಶುರುವಾಗುವ ಪ್ರೈವೇಟ್ ಕೀ ತಲೆಗೆರೆ ಇವಿಷ್ಟು ಇರಲಿ. ಸೋಸಬೇಕಾದದ್ದು ಬಿಲ್ಡ್ ಫೋಲ್ಡರನ್ನಲ್ಲ, ಇನ್‌ಸ್ಟಾಲರ್ ಬಿಚ್ಚಿದಾಗ ಸಿಗುವ ಫೈಲ್‌ಗಳನ್ನು.

ಹಳೆಯ ಸರ್ವರ್‌ಗಳಲ್ಲಿ ತೀರಾ ಹಿಂದಿನ ಆವೃತ್ತಿ ಇದ್ದರೆ ‘-ಎ’ ಮರೆಯಬೇಡಿ. ಆಗ ಟೂಲ್ ಫೈಲ್‌ನ ರಚನೆಯನ್ನು ಬಿಡಿಸಿ ಓದಲು ಹೋಗುತ್ತಿತ್ತು, ಅದರಲ್ಲಿ 2014ರಲ್ಲಿ ಭದ್ರತಾ ದೋಷವೇ ಸಿಕ್ಕಿತ್ತು. ಯಾರೋ ಕೊಟ್ಟ ಫೈಲನ್ನು ಪರೀಕ್ಷಿಸಲು ಹೋಗಿ ಪರೀಕ್ಷಕರೇ ಸಿಕ್ಕಿಬೀಳುವ ಪರಿಸ್ಥಿತಿ. ಈಗ ಇಡೀ ಫೈಲನ್ನು ಕಣ್ಣುಮುಚ್ಚಿ ಓದುವುದೇ ಡಿಫಾಲ್ಟ್.

ಅಂಕ ಐದಕ್ಕೆ ನಾಲ್ಕು. ಕಳೆದ ಒಂದರಲ್ಲಿ ಅರ್ಧ ಯುಟಿಎಫ್-16ಅನ್ನು ತಾನಾಗಿ ನೋಡದ್ದಕ್ಕೆ, ಅರ್ಧ ಕನ್ನಡಕ್ಕೆ. ಬೇಸ್64 ಮಾಡಿಟ್ಟ (ಬೇರೆ ಅಕ್ಷರಗಳಿಗೆ ತಿರುಗಿಸಿ ಬರೆದ) ಪಾಸ್‌ವರ್ಡ್ ಔಟ್‌ಪುಟ್‌ನಲ್ಲಿ ಇದ್ದೂ ನಿಮ್ಮ ಗ್ರೆಪ್‌ಗೆ ಸಿಗದಿರುವುದು ಟೂಲ್‌ನ ತಪ್ಪಲ್ಲ. ಅದಕ್ಕೆ ಔಟ್‌ಪುಟ್ ಫೈಲನ್ನು ಟ್ರಫಲ್‌ಹಾಗ್‌ನಂಥ ಟೂಲ್‌ಗೆ ಕೊಡಿ, ಸಿಕ್ಕ ಕೀಗಳಲ್ಲಿ ಯಾವುದು ಇನ್ನೂ ಜೀವಂತ ಎಂದು ಅದು ಪರೀಕ್ಷಿಸಿಯೂ ಹೇಳುತ್ತದೆ. ಈಗಾಗಲೇ ಹೊರಹೋದ ರಿಲೀಸ್‌ನಲ್ಲಿ ಕೀ ಸಿಕ್ಕಿದರೆ ಮೊದಲು ಅದನ್ನು ರದ್ದು ಮಾಡಿ, ಆಮೇಲೆ ಅದರ ಬಳಕೆಯ ಲಾಗ್ ನೋಡಿ. ಹೊಸ ಬಿಲ್ಡ್, ಹಳೇ ಡೌನ್‌ಲೋಡ್ ಲಿಂಕ್ ತೆಗೆಯುವುದು, ಇವೆಲ್ಲ ಅದರ ನಂತರದ ಕೆಲಸ.